ಮರುಳು: ಒಂದೇ ಮೈಯ ಇಬ್ಬರು ಒಕ್ಕಲುಗಳ ಪ್ರಣಯ ಮತ್ತು ನಗೆ

ಬೆಂಗಳೂರಿನ ಪೂರ್ವದಿಕ್ಕಿನ ಬೈಯಪ್ಪನಹಳ್ಳಿಯನ್ನು ಇಂದಿನ ತಲೆಮಾರು ಬಲ್ಲದ್ದು ರೈಲಿನ ಮೂಲಕ. ನಗರದ ಮೊದಲ ಮೆಟ್ರೊ ಮಾರ್ಗ 2011ರ ಅಕ್ಟೋಬರ್ 20ರಂದು ಇಲ್ಲಿಗೂ ಮಹಾತ್ಮ ಗಾಂಧಿ ರಸ್ತೆಗೂ ನಡುವೆ ತೆರೆಯಿತು. 2022ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಕಾರ್ಯಾರಂಭ ಮಾಡಿತು. ಅದಕ್ಕೂ ಹಿಂದಿನ ತಲೆಮಾರಿಗೆ ಈ ಊರು ಎನ್‌ಜಿಇಎಫ್ ಕಾರ್ಖಾನೆಯ ನೆರೆ, ಮದರಾಸು ಮಾರ್ಗದ ಸಣ್ಣದೊಂದು ನಿಲ್ದಾಣ, ಊರು ಮುಗಿದು ಹೊಲ ಮೊದಲಾಗುವ ಅಂಚು. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೂ ಸುತ್ತಲ ಹಳ್ಳಿಗಳಲ್ಲೂ ಹಬ್ಬಿದ ವದಂತಿಯೊಂದನ್ನು ನೆನೆಯುವಾಗ ಇಂತಹ ಅಂಚಿನ ಊರುಗಳ ಚಿತ್ರ ಕಣ್ಣಮುಂದೆ ಇರಬೇಕಾಗುತ್ತದೆ. ರಾತ್ರಿ ಪಾಳಿ ಮುಗಿಸಿ ಬರುವ ಗಂಡಸಿಗಾಗಿ ಬಾಗಿಲ ಹಿಂದೆ ಕಾದು ಕೂತ ಮನೆ, ಬೀದಿದೀಪವಿಲ್ಲದ ದಾರಿ, ಯಾರೋ ಬಾಗಿಲು ತಟ್ಟಿದ ಸದ್ದು. ಆ ಬಾಗಿಲುಗಳ ಮೇಲೆ ಜನ ಬರೆದುಕೊಂಡ ಎರಡೇ ಪದ: ‘ನಾಳೆ ಬಾ’.

ಒಂದು ಮೈಯಲ್ಲಿ ಅದರ ಒಡೆಯನೊಡನೆ ದೆವ್ವವೊಂದು ಬಾಳುವುದು, ಆ ಬಾಳುವೆ ಪ್ರಣಯದ ಬಣ್ಣ ತಳೆಯುವುದು, ಪ್ರಣಯ ನಗೆಗೆ ಎಡೆಮಾಡುವುದು, ಈ ಮೂರೂ ಕೂಡಿದ ಕಥೆಗಳು ಇಂದು ಚಲನಚಿತ್ರ ಮತ್ತು ಜನಪ್ರಿಯ ಕಾದಂಬರಿಗಳಲ್ಲಿ ವಿಪುಲವಾಗಿ ಬರುತ್ತಿವೆ. ಇವನ್ನು ಹೊರಗಿನಿಂದ ಬಂದ ಹೊಸ ರುಚಿಯೆಂದು ಭಾವಿಸುವುದು ವಾಡಿಕೆ. ಆದರೆ ಭಯ, ಬಯಕೆ ಮತ್ತು ನಗೆ ಒಟ್ಟಿಗೆ ಬೆಸೆದುಕೊಂಡ ಈ ವಸ್ತು ಕನ್ನಡದ ಭಾಷೆಯಲ್ಲೂ ಆಚರಣೆಯಲ್ಲೂ ರಂಗಭೂಮಿಯಲ್ಲೂ ಬಹುಕಾಲದಿಂದ ಇದೆ. ಅದರ ಸ್ವರೂಪವನ್ನು ವಿವರಿಸುವುದು ಮತ್ತು ಆ ನಗೆ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದದ ಒಳಗು

ಮೊದಲು ಪದಗಳನ್ನು ನೋಡಬಹುದು. ಕನ್ನಡದಲ್ಲಿ ದೇವರು ಮೈಮೇಲೆ ‘ಬರುತ್ತದೆ’, ದೆವ್ವ ‘ಹಿಡಿಯುತ್ತದೆ’ ಇಲ್ಲವೆ ‘ಮೆಟ್ಟಿಕೊಳ್ಳುತ್ತದೆ’, ಗಾಳಿ ‘ಸೋಕುತ್ತದೆ’. ಬರುವುದು ಅತಿಥಿಯ ಕ್ರಿಯೆ, ಹಿಡಿಯುವುದು ಬಲವಂತದ್ದು, ಸೋಕುವುದು ದಾರಿಯಲ್ಲಿ ಆಕಸ್ಮಿಕವಾಗಿ ಆದದ್ದು. ಒಂದೇ ಅನುಭವಕ್ಕೆ ಜನ ಮೂರು ಬಗೆಯ ಸಂಬಂಧಗಳನ್ನು ಕಲ್ಪಿಸಿಕೊಂಡಿರುವುದು ಗಮನಾರ್ಹ. ‘ದೆವ್ವ’ ಎಂಬುದು ‘ದೈವ’ದ ತದ್ಭವವೆಂಬುದನ್ನು ನೆನೆದರೆ ಪೂಜಿಸುವ ಶಕ್ತಿಗೂ ಹೆದರುವ ಶಕ್ತಿಗೂ ನಡುವೆ ಭಾಷೆ ಎಷ್ಟು ತೆಳುವಾದ ಗೋಡೆಯನ್ನು ಕಟ್ಟಿದೆಯೆಂಬುದು ತಿಳಿಯುತ್ತದೆ. ತುಳುನಾಡಿನಲ್ಲಿ ‘ದೈವ’ ಮತ್ತು ‘ಭೂತ’ ಎಂಬ ಎರಡು ಹೆಸರುಗಳೂ ಆರಾಧ್ಯ ಶಕ್ತಿಗಳಿಗೇ ಸಲ್ಲುತ್ತವೆ.

ಇವೆಲ್ಲಕ್ಕಿಂತ ಅರ್ಥಪೂರ್ಣವಾದುದು ‘ಮರುಳು’ ಎಂಬ ಪದ. ಹಳಗನ್ನಡದಲ್ಲಿ ‘ಮರುಳ್’ ಎಂದರೆ ಪಿಶಾಚಿ. ರನ್ನನ ಗದಾಯುದ್ಧದಲ್ಲಿ ಹೆಣಗಳ ನಡುವೆ ಸಾಗುವ ದುರ್ಯೋಧನನಿಗೆ ಮರುಳುಗಳು ಎದುರಾಗುತ್ತವೆ. ಭೀಕರವಾದ ಆ ಸನ್ನಿವೇಶದಲ್ಲೂ ವಿಡಂಬನೆಯ ನಗೆಯಿದೆ. ಅದೇ ಪದಕ್ಕೆ ಮೋಹಪರವಶತೆ ಎಂಬ ಅರ್ಥವೂ ಉಂಟು. ಅವಳಿಗೆ ಮರುಳಾದ, ಅವನ ಮಾತಿಗೆ ಮರುಳಾದಳು ಎಂಬಲ್ಲಿ ಇರುವುದು ಅದು. ಮೂರನೆಯ ಅರ್ಥ ದಡ್ಡತನ, ತಿಳಿಗೇಡಿತನ. ಪಿಶಾಚಿ, ಪ್ರೇಮಿ, ಪೆದ್ದ ಈ ಮೂವರನ್ನೂ ಒಂದೇ ಪದದಲ್ಲಿ ಕೂಡಿಸಿದ ಭಾಷೆಯು ದೆವ್ವದ ಪ್ರಣಯಹಾಸ್ಯವನ್ನು ಬೇರೆಲ್ಲಿಂದಲೂ ಎರವಲು ತರಬೇಕಾದುದಿಲ್ಲ. ಮೂವರಲ್ಲೂ ಸಾಮಾನ್ಯವಾದ ಸಂಗತಿಯೊಂದೇ: ತನ್ನ ಮೈಮನಸ್ಸುಗಳ ಯಜಮಾನಿಕೆ ತನ್ನ ಕೈಯಲ್ಲಿ ಇಲ್ಲದಿರುವುದು.

‘ನಾಳೆ ಬಾ’ ಎಂಬ ಒಪ್ಪಂದ

ವದಂತಿಯ ಸಾರ ಹೀಗಿತ್ತು. ರಾತ್ರಿಯ ಹೊತ್ತು ಹೆಣ್ಣುದೆವ್ವವೊಂದು ಮನೆಮನೆಯ ಬಾಗಿಲು ತಟ್ಟುತ್ತದೆ. ಮನೆಯವರಿಗೆ ಪರಿಚಿತವಾದ ದನಿಯಲ್ಲಿ, ತಾಯಿಯದೋ ಹೆಂಡತಿಯದೋ ದನಿಯಲ್ಲಿ ಕರೆಯುತ್ತದೆ. ಬಾಗಿಲು ತೆರೆದವನು ಉಳಿಯುವುದಿಲ್ಲ. ತನ್ನ ಗಂಡನನ್ನು ಹುಡುಕುತ್ತಿರುವ ಮದುವಣಗಿತ್ತಿ ಅವಳು ಎಂಬ ಪಾಠಾಂತರವೂ ಇತ್ತು. ಪರಿಹಾರವಾಗಿ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಅದನ್ನು ಓದಿ ಹಿಂದಿರುಗುತ್ತದೆ. ಮರುದಿನ ಬಂದಾಗಲೂ ಅದೇ ಬರೆಹ.

ಇಲ್ಲಿ ಭಯವಿದೆ, ಆದರೆ ಅದರ ಪರಿಹಾರ ನಗೆಯದ್ದು. ದೆವ್ವಕ್ಕೆ ಅಕ್ಷರಜ್ಞಾನವಿದೆ, ಕನ್ನಡ ಬರುತ್ತದೆ, ಕೊಟ್ಟ ಮಾತನ್ನು ನಂಬುವ ಸಜ್ಜನಿಕೆಯೂ ಇದೆ. ‘ಇಂದು ನಗದು, ನಾಳೆ ಸಾಲ’ ಎಂದು ಬರೆದಿಟ್ಟ ಕಿರಾಣಿ ಅಂಗಡಿಯವನ ಜಾಣತನವನ್ನೇ ಮನೆಯವರು ದೆವ್ವದ ಮೇಲೆ ಪ್ರಯೋಗಿಸಿದ್ದಾರೆ. ಮಂತ್ರವಿಲ್ಲ, ನಿಂಬೆಹಣ್ಣಿಲ್ಲ, ಬೈಗುಳವಿಲ್ಲ. ಬಂದವಳನ್ನು ‘ಹೋಗು’ ಎಂದೂ ಹೇಳಿಲ್ಲ. ‘ಬಾ’ ಎಂದೇ ಹೇಳಿದ್ದಾರೆ, ದಿನವನ್ನಷ್ಟೇ ಮುಂದೂಡಿದ್ದಾರೆ. ಮನೆಗೆ ಬಂದವರಿಗೆ ಇಲ್ಲವೆನ್ನಬಾರದೆಂಬ ಸಂಸ್ಕಾರ ದೆವ್ವದ ವಿಷಯದಲ್ಲೂ ತಪ್ಪಲಿಲ್ಲ. 2018ರಲ್ಲಿ ತೆರೆಕಂಡ ‘ಸ್ತ್ರೀ’ ಎಂಬ ಹಿಂದಿ ಚಿತ್ರ ಈ ಬೆಂಗಳೂರಿನ ಕಥೆಯನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದು, ಭಯ ಮತ್ತು ಹಾಸ್ಯದ ನಡುವೆ ಒಂದು ಪ್ರಣಯವನ್ನೂ ಕೂಡಿಸಿ ಅಪಾರ ಜನಪ್ರಿಯತೆ ಪಡೆಯಿತು. ಕಥೆಯ ಬೀಜದಲ್ಲೇ ಈ ಮೂರೂ ಇದ್ದುದರಿಂದ ಆ ಬೆಳವಣಿಗೆ ಸಹಜವಾದುದು.

ಸಂನ್ಯಾಸಿ ಮತ್ತು ಗಣಿಕೆ

ಬಾಗಿಲಲ್ಲಿ ನಿಂತ ದೆವ್ವ ಮೈಯೊಳಗೆ ಬಂದರೆ ಆಗುವುದೇನು? ಈ ಪ್ರಶ್ನೆಯನ್ನು ನಗೆಯ ಮೂಲಕ ಎದುರಿಸಿದ ಅತ್ಯಂತ ಹಳೆಯ ಭಾರತೀಯ ಕೃತಿಗಳಲ್ಲಿ ‘ಭಗವದಜ್ಜುಕೀಯ’ ಎಂಬ ಸಂಸ್ಕೃತ ಪ್ರಹಸನವೂ ಒಂದು. ಇದರ ಕರ್ತೃ ಬೋಧಾಯನನೆಂದೂ ಪಲ್ಲವ ದೊರೆ ಮಹೇಂದ್ರವರ್ಮನೆಂದೂ ಎರಡು ಅಭಿಪ್ರಾಯಗಳಿವೆ. ಶೀರ್ಷಿಕೆಯಲ್ಲಿರುವ ‘ಭಗವಾನ್’ ಸಂನ್ಯಾಸಿ, ‘ಅಜ್ಜುಕಾ’ ಗಣಿಕೆ.

ಯಮದೂತನು ವಸಂತಸೇನೆಯೆಂಬ ಗಣಿಕೆಯ ಪ್ರಾಣವನ್ನು ಹಾವಿನ ರೂಪದಲ್ಲಿ ಒಯ್ಯುತ್ತಾನೆ. ಹತ್ತಿರದಲ್ಲಿದ್ದ ಯೋಗಿ ತನ್ನ ಶಿಷ್ಯ ಶಾಂಡಿಲ್ಯನಿಗೆ ಯೋಗದ ಮಹಿಮೆ ತೋರಿಸಲೆಂದು ಆ ಮೃತದೇಹವನ್ನು ಹೊಗುತ್ತಾನೆ. ಗಣಿಕೆ ಎದ್ದು ಕುಳಿತು ವೇದಾಂತ ನುಡಿಯತೊಡಗುತ್ತಾಳೆ. ಅವಳ ಪ್ರಿಯಕರ ಬಂದು ಕೈಹಿಡಿದರೆ ಮುಟ್ಟಬೇಡವೆಂದು ಗದರುತ್ತಾಳೆ. ಇತ್ತ ಯಮದೂತನಿಗೆ ತಾನು ಒಯ್ದದ್ದು ಬೇರೆ ವಸಂತಸೇನೆಯನ್ನೆಂದು ತಿಳಿಯುತ್ತದೆ. ಹೆಸರಿನ ಗೊಂದಲದಿಂದ ಕಡತ ತಪ್ಪಿದ ಗುಮಾಸ್ತನಂತೆ ಅವನು ಪ್ರಾಣವನ್ನು ಹಿಂದಿರುಗಿಸಲು ಬಂದರೆ ಮನೆಯಲ್ಲಿ ಆಗಲೇ ಬೇರೆ ಒಕ್ಕಲು. ಬೇರೆ ದಾರಿ ಕಾಣದೆ ಗಣಿಕೆಯ ಪ್ರಾಣವನ್ನು ಸಂನ್ಯಾಸಿಯ ಖಾಲಿ ಮೈಯಲ್ಲಿ ಇಡುತ್ತಾನೆ. ಈಗ ಜಟೆಯ ಮುದುಕ ಪ್ರಿಯಕರನನ್ನು ಕರೆಯುತ್ತಾನೆ. ವಿಷವೈದ್ಯನೊಬ್ಬ ಬಂದು ಇನ್ನಷ್ಟು ಕೆಡಿಸುತ್ತಾನೆ. ಕೊನೆಯಲ್ಲಿ ಎಲ್ಲವೂ ಸ್ವಸ್ಥಾನ ಸೇರುತ್ತದೆ.

ಈ ಪ್ರಹಸನದ ನಗೆ ಯಾರ ಮೇಲಿನದು ಎಂಬುದು ಮುಖ್ಯ. ಅದು ಗಣಿಕೆಯ ಮೇಲಿನದಲ್ಲ. ಆತ್ಮ ಬೇರೆ ದೇಹ ಬೇರೆ ಎಂದು ಸಲೀಸಾಗಿ ಬೋಧಿಸುವ ಪಾಂಡಿತ್ಯದ ಮೇಲಿನದು, ಎಲ್ಲ ಬಲ್ಲೆನೆಂಬ ವೈದ್ಯನ ಮೇಲಿನದು, ಯಮನ ಕಚೇರಿಯ ಮೇಲಿನದು. ಇದೇ ವಸ್ತುವಿನ ಗಂಭೀರ ರೂಪ ಶಂಕರವಿಜಯದ ಪರಂಪರೆಯಲ್ಲಿದೆ. ಮಂಡನಮಿಶ್ರರ ಪತ್ನಿ ಉಭಯಭಾರತಿ ಕಾಮಶಾಸ್ತ್ರದ ಪ್ರಶ್ನೆಗಳನ್ನು ಕೇಳಿದಾಗ ಶಂಕರರು ಅಮರುಕ ರಾಜನ ಮೃತದೇಹವನ್ನು ಪ್ರವೇಶಿಸಿದರೆಂದೂ, ಅಲ್ಲಿ ಮೈಮರೆತ ಗುರುವನ್ನು ಶಿಷ್ಯರು ಬಂದು ಎಚ್ಚರಿಸಿದರೆಂದೂ ಆ ಕಥೆ ಹೇಳುತ್ತದೆ. ಬಾಡಿಗೆಗೆ ಹೋದವನು ಮನೆಯನ್ನೇ ತನ್ನದೆಂದುಕೊಳ್ಳುವ ಅಪಾಯ ಎರಡರಲ್ಲೂ ಒಂದೇ.

ಸತ್ತವರ ಬಯಕೆ

ಜನಪದದ ದೃಷ್ಟಿಯಲ್ಲಿ ಸತ್ತವರು ಮರಳಿ ಬರುವುದು ಕೇಡಿಗಾಗಿಯಷ್ಟೇ ಅಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅವರಿಗೆ ಏನೋ ಬೇಕಾಗಿರುತ್ತದೆ. ಮೈಮೇಲೆ ಬಂದವರನ್ನು ಕೇಳುವ ಮೊದಲ ಪ್ರಶ್ನೆ ‘ಯಾರು ನೀನು?’, ಎರಡನೆಯದು ‘ಏನು ಬೇಕು ನಿನಗೆ?’ ಎಂಬುದು. ಆಮೇಲೆ ನಡೆಯುವುದು ಚೌಕಾಸಿ. ಕೋಳಿ ಕೇಳಿದರೆ ಮೊಟ್ಟೆ, ರೇಷ್ಮೆ ಸೀರೆ ಕೇಳಿದರೆ ರವಿಕೆಕಣ. ನಗೆ ಹುಟ್ಟುವುದು ಈ ಚೌಕಾಸಿಯಲ್ಲಿ.

ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಸಮುದಾಯಗಳಲ್ಲಿ ನಡೆಯುವ ಪ್ರೇತ ಮದುವೆ ಇದರ ಅತ್ಯಂತ ಕೋಮಲ ರೂಪ. ಮದುವೆಯಾಗದೆ ತೀರಿಕೊಂಡ ಮಗ ಅಥವಾ ಮಗಳ ಅತೃಪ್ತಿಯಿಂದ ಮನೆಯಲ್ಲಿ ಉಳಿದವರ ಮದುವೆಗೆ ಅಡ್ಡಿಯಾಗುತ್ತಿದೆ ಎಂದು ಕಂಡಾಗ, ಹಾಗೆಯೇ ತೀರಿಕೊಂಡ ಇನ್ನೊಂದು ಮನೆಯವರನ್ನು ಹುಡುಕಿ ಸಂಬಂಧ ಕುದುರಿಸುತ್ತಾರೆ. ಹೆಣ್ಣು ನೋಡುವುದು, ನಿಶ್ಚಯ, ಧಾರೆಸೀರೆ, ಊಟ ಎಲ್ಲವೂ ಕ್ರಮದಂತೆ ನಡೆಯುತ್ತವೆ. ವಧೂವರರ ಸ್ಥಾನದಲ್ಲಿ ಪ್ರತಿಕೃತಿಗಳಿರುತ್ತವೆ. 2024ರ ಮೇ ತಿಂಗಳಲ್ಲಿ ಪುತ್ತೂರು ಭಾಗದ ಕುಟುಂಬವೊಂದು ಸುಮಾರು 30 ವರ್ಷಗಳ ಹಿಂದೆ ತೀರಿಕೊಂಡ ಮಗಳಿಗೆ, ಅಷ್ಟೇ ಕಾಲದ ಹಿಂದೆ ತೀರಿಕೊಂಡ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು ದೇಶದಾದ್ಯಂತ ಸುದ್ದಿಯಾಯಿತು. ಜಾತಿ, ಬಳಿ ಎಲ್ಲವನ್ನೂ ಅದರಲ್ಲಿ ನಮೂದಿಸಲಾಗಿತ್ತು. ಸತ್ತ ಮೇಲೂ ಬಳಿ ನೋಡುವರಲ್ಲ ಎಂದು ಹಲವರು ನಕ್ಕರು. ನಗೆ ತಪ್ಪಲ್ಲ. ಆದರೆ ಮಗು ಬದುಕಿದ್ದರೆ ಇಷ್ಟು ವಯಸ್ಸಾಗಿರುತ್ತಿತ್ತು ಎಂದು 30 ವರ್ಷ ಲೆಕ್ಕ ಇಟ್ಟುಕೊಂಡು ಬಂದ ತಂದೆತಾಯಿಗಳ ದುಃಖವೂ ಆ ಜಾಹೀರಾತಿನ ಸಾಲುಗಳಲ್ಲಿತ್ತು ಎಂಬುದನ್ನು ಮರೆಯಲಾಗದು.

‘ನಾ ನಿನ್ನ ಬಿಡಲಾರೆ’

ಕನ್ನಡ ಚಿತ್ರರಂಗದಲ್ಲಿ ಈ ವಸ್ತುವಿನ ಎರಡು ಮೈಲಿಗಲ್ಲುಗಳಿವೆ. ಮೊದಲನೆಯದು ಅನಂತನಾಗ್ ಮತ್ತು ಲಕ್ಷ್ಮಿ ಅಭಿನಯದ ‘ನಾ ನಿನ್ನ ಬಿಡಲಾರೆ’ (1979). ಈಡೇರದ ಬಯಕೆಯ ಹೆಣ್ಣಿನ ಪ್ರೇತ ದಂಪತಿಗಳ ಬಾಳಿನಲ್ಲಿ ಹೊಕ್ಕು ಕಾಡುವ ಈ ಚಿತ್ರದ ಶೀರ್ಷಿಕೆಯೇ ಒಂದು ವ್ಯಾಖ್ಯಾನ. ‘ನಾ ನಿನ್ನ ಬಿಡಲಾರೆ’ ಎಂಬುದು ಪ್ರೇಮಿಯ ಆಣೆಯೂ ಹೌದು, ದೆವ್ವದ ಬೆದರಿಕೆಯೂ ಹೌದು, ಭಕ್ತನ ಮೊರೆಯೂ ಹೌದು. ವಾಕ್ಯ ಒಂದೇ, ಹೇಳುವ ಬಾಯಿ ಬೇರೆಯಾದಂತೆ ಕೇಳುವವನ ಮೈ ಪುಳಕಗೊಳ್ಳುತ್ತದೆ ಇಲ್ಲವೆ ನಡುಗುತ್ತದೆ.

ಎರಡನೆಯದು ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ (2004). 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ ಇದರ ಮೂಲ. ಹಳೆಯ ಬಂಗಲೆಗೆ ಬಂದ ಗಂಗಾ ಎಂಬ ಗೃಹಿಣಿ, ದೊರೆಯ ದೌರ್ಜನ್ಯಕ್ಕೆ ಪ್ರಿಯಕರನನ್ನು ಕಳೆದುಕೊಂಡ ನರ್ತಕಿ ನಾಗವಲ್ಲಿಯೊಡನೆ ತನ್ನನ್ನು ಒಂದಾಗಿಸಿಕೊಳ್ಳುತ್ತಾಳೆ. ಗಂಗಾ ಕನ್ನಡದವಳು, ನಾಗವಲ್ಲಿ ತೆಲುಗಿನವಳು. ಮೂಲದಲ್ಲಿ ಮಲಯಾಳಂ ಮತ್ತು ತಮಿಳಿನ ನಡುವೆ ಇದ್ದ ಗಡಿ ಇಲ್ಲಿ ಕನ್ನಡ ಮತ್ತು ತೆಲುಗಿನ ನಡುವಿನದಾಗಿದೆ. ಮೈಯಲ್ಲಿ ಬೇರೊಬ್ಬರು ಇದ್ದಾರೆ ಎಂಬುದಕ್ಕೆ ಬೇರೊಂದು ಭಾಷೆಯೇ ಸಾಕ್ಷಿಯಾಗುವುದು ಬೆಂಗಳೂರಿನ ಪ್ರೇಕ್ಷಕನಿಗೆ ವಿಶೇಷವಾಗಿ ತಟ್ಟುವ ಸಂಗತಿ. 1809ರಲ್ಲಿ ದಂಡು ಪ್ರದೇಶ ನೆಲೆಗೊಂಡ ಮೇಲೆ ಹಲಸೂರು, ಶಿವಾಜಿನಗರ, ಬೈಯಪ್ಪನಹಳ್ಳಿಗಳ ಕಡೆ ಕನ್ನಡ, ತಮಿಳು, ತೆಲುಗು, ಉರ್ದುಗಳು ಒಂದೇ ಬೀದಿಯಲ್ಲಿ, ಎಷ್ಟೋ ಕಡೆ ಒಂದೇ ವಠಾರದಲ್ಲಿ ಬಾಳಿವೆ. ಒಂದೇ ನಾಲಿಗೆ ಮನೆಯಲ್ಲೊಂದು, ಅಂಗಡಿಯಲ್ಲೊಂದು ಭಾಷೆಯಾಡುವುದು ಅಲ್ಲಿ ದಿನದ ಬದುಕು. ಒಂದು ಬಾಯಿಯಲ್ಲಿ ಇಬ್ಬರು ಮಾತಾಡುವ ಕಲ್ಪನೆ ಅಲ್ಲಿನವರಿಗೆ ತೀರ ಅಪರಿಚಿತವಲ್ಲ.

‘ಆಪ್ತಮಿತ್ರ’ದ ಪರಿಹಾರವೂ ಗಮನಾರ್ಹ. ಮನೋವೈದ್ಯ ಮತ್ತು ಮಾಂತ್ರಿಕ ಕೈಜೋಡಿಸಿ, ನಾಗವಲ್ಲಿ ತನ್ನ ಸೇಡು ತೀರಿತೆಂದು ನಂಬುವಂತೆ ಗೊಂಬೆಯನ್ನಿಟ್ಟು ಮೋಸಗೊಳಿಸುತ್ತಾರೆ. ಬಾಗಿಲ ಮೇಲಿನ ‘ನಾಳೆ ಬಾ’, ಪ್ರೇತ ಮದುವೆಯ ಪ್ರತಿಕೃತಿ, ಚಿತ್ರದ ಗೊಂಬೆ ಈ ಮೂರರ ತರ್ಕವೂ ಒಂದೇ: ದೆವ್ವವನ್ನು ಹೊಡೆದು ಓಡಿಸುವುದಲ್ಲ, ಅದರ ಬಯಕೆಯನ್ನು ಒಪ್ಪಿ ಅದಕ್ಕೊಂದು ಬದಲಿಯನ್ನು ಕೊಡುವುದು.

ಹೊರಗಿನ ನಿದರ್ಶನಗಳು

ಈ ತರ್ಕ ನಮ್ಮದಷ್ಟೇ ಅಲ್ಲ. ಯಹೂದಿ ಪರಂಪರೆಯ ‘ದಿಬ್ಬುಕ್’ ಎಂಬ ನಂಬಿಕೆಯನ್ನು ಆಧರಿಸಿ ಆನ್‌ಸ್ಕಿ ಬರೆದ, 1920ರಲ್ಲಿ ವಾರ್ಸಾದಲ್ಲಿ ಮೊದಲು ರಂಗಕ್ಕೆ ಬಂದ ಯಿದ್ದಿಷ್ ನಾಟಕದಲ್ಲಿ ಸತ್ತ ಪ್ರಿಯಕರನ ಆತ್ಮ ಮದುವಣಗಿತ್ತಿಯ ಮೈಯನ್ನು ಹೊಗುತ್ತದೆ. ಅವಳಿಗೂ ಅವನನ್ನು ಬಿಡಲು ಮನಸ್ಸಿಲ್ಲ. ಸುಡಾನಿನ ಹಳ್ಳಿಯೊಂದರ ‘ಜಾರ್’ ಆಚರಣೆಯನ್ನು ಕುರಿತು ಜ್ಯಾನಿಸ್ ಬಾಡಿ 1989ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ಹಿಡಿದ ಶಕ್ತಿಯನ್ನು ಬಿಡಿಸುವುದಿಲ್ಲ. ಅದರೊಡನೆ ಜೀವಮಾನದ ಒಪ್ಪಂದ ಮಾಡಿಕೊಳ್ಳುತ್ತಾರೆ. ಶಕ್ತಿ ಬಟ್ಟೆ, ಸುಗಂಧ, ಔತಣ ಕೇಳುತ್ತದೆ, ತರಬೇಕಾದವನು ಗಂಡ. ಹೆಣ್ಣಿನ ಬಾಯಿಂದ ಬಂದರೆ ಅತಿಯಾಸೆ ಎನಿಸುವುದು ಶಕ್ತಿಯ ಬಾಯಿಂದ ಬಂದಾಗ ಕಟ್ಟಪ್ಪಣೆಯಾಗುತ್ತದೆ. ಐ. ಎಂ. ಲೂಯಿಸ್ 1971ರಲ್ಲೇ ಇದನ್ನು ಸಿದ್ಧಾಂತವಾಗಿ ಮಂಡಿಸಿದ್ದರು: ನೇರವಾಗಿ ಮಾತಾಡುವ ಅಧಿಕಾರವಿಲ್ಲದವರಿಗೆ ಆವೇಶವು ಓರೆಯಾದ ಪ್ರತಿಭಟನೆಯ ದಾರಿ.

ನಮ್ಮಲ್ಲೂ ಹೊಸದಾಗಿ ಬಂದ ಸೊಸೆಯ ಮೈಮೇಲೆ ಗಾಳಿ ಬಂದು ಅತ್ತೆಯನ್ನು ಏಕವಚನದಲ್ಲಿ ಗದರಿಸುವ ಪ್ರಸಂಗಗಳನ್ನು ಹಳ್ಳಿಗಳಲ್ಲಿ ನಗುತ್ತ ಹೇಳುವುದುಂಟು. ಆ ನಗೆಯಲ್ಲಿ ಒಂದು ತಿಳುವಳಿಕೆ ಇದೆ: ಮಾತಾಡಿದ್ದು ದೆವ್ವವಲ್ಲ ಎಂಬುದು ಅತ್ತೆಗೂ ಗೊತ್ತು, ಸೊಸೆಗೂ ಗೊತ್ತು, ಆದರೂ ದೆವ್ವವೇ ಎಂದುಕೊಂಡರೆ ಮನೆ ಉಳಿಯುತ್ತದೆ.

ನಗೆಯ ಎಲ್ಲೆ

ಆದರೆ ಎಲ್ಲ ಕಥೆಯೂ ಇಷ್ಟು ಹಗುರವಾಗಿ ಮುಗಿಯುವುದಿಲ್ಲ. ಮೈಯ ನಿಜವಾದ ಒಡತಿ ನರಳುತ್ತಿರುವಾಗ ದೆವ್ವವನ್ನು ಬಿಡಿಸುವ ಹೆಸರಿನಲ್ಲಿ ಏಟು ಬೀಳುವುದು ಅವಳಿಗೇ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಂದಿ ಮಾನಸಿಕ ಅಸ್ವಸ್ಥರು ಓಡಲಾಗದೆ ಸುಟ್ಟು ಸತ್ತರು. ಇಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಹಾಗೆ ಸರಪಳಿ ಬಿಗಿಯುವುದನ್ನು ನಿಷೇಧಿಸಿದೆ. 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯಿದೆಯು ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು, ಮೆಣಸಿನಕಾಯಿಯ ಹೊಗೆ ಹಾಕುವುದು ಮೊದಲಾದವನ್ನು ಅಪರಾಧವೆಂದು ಸಾರಿದೆ.

ವೈದ್ಯಶಾಸ್ತ್ರವೂ ಇಲ್ಲಿ ಒರಟಾಗಿ ವರ್ತಿಸಿಲ್ಲ ಎಂಬುದನ್ನು ಹೇಳಬೇಕು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಆವೇಶವನ್ನು ಕುರಿತ ಪ್ರತ್ಯೇಕ ನಮೂದಿದೆ. ಆದರೆ ಸಮುದಾಯವು ಒಪ್ಪಿದ ಆಚರಣೆಯ ಭಾಗವಾಗಿ ಬರುವ ಆವೇಶ ರೋಗವಲ್ಲ. ಇಚ್ಛೆಯಿಲ್ಲದೆ ಬಂದು, ಬೇಡವೆಂದರೂ ಬಿಡದೆ, ಬದುಕನ್ನು ಕೆಡಿಸಿದಾಗ ಮಾತ್ರ ಅದು ಚಿಕಿತ್ಸೆಯ ವಿಷಯ. ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತಮಿಳುನಾಡಿನ ದೇವಾಲಯವೊಂದರಲ್ಲಿ ತಂಗಿದ್ದ 31 ಮಂದಿಯನ್ನು ಗಮನಿಸಿತು. ಸರಾಸರಿ ಆರು ವಾರಗಳ ವಾಸದ ನಂತರ ರೋಗಲಕ್ಷಣಗಳ ಅಳತೆಯಲ್ಲಿ ಸುಮಾರು ಶೇ. 20ರಷ್ಟು ಇಳಿಕೆ ಕಂಡುಬಂದಿತು. ಅಲ್ಲಿ ವಿಶೇಷ ಮಂತ್ರತಂತ್ರಗಳೇನೂ ಇರಲಿಲ್ಲ. ದೇವಾಲಯದ ದಿನಚರಿ, ಜತೆಗೊಬ್ಬ ಬಂಧು, ಹೆದರಿಸದ ವಾತಾವರಣ ಇಷ್ಟೇ ಇದ್ದವು. ಇದು ಔಷಧಿಯನ್ನು ಬಿಡಬೇಕೆಂಬುದಕ್ಕೆ ಪ್ರಮಾಣವಲ್ಲ. ಆದರೆ ಹಿಂಸೆಯಿಂದ ಏನೂ ಸಾಧ್ಯವಾಗದ ಕಡೆ ಆದರದಿಂದ ಎಷ್ಟೋ ಸಾಧ್ಯ ಎಂಬುದಕ್ಕೆ ಸಾಕ್ಷಿ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕನ್ನಡದ ಕಲ್ಪನೆಯಲ್ಲಿ ದೆವ್ವ ಕೇವಲ ಶತ್ರುವಲ್ಲ. ಬಾಡಿಗೆ ಕೊಡದೆ ಕೂತ, ಆದರೆ ಮಾತಿಗೆ ಸಿಗುವ ಒಕ್ಕಲು. ಅದರೊಡನೆ ನಡೆಯುವ ಚೌಕಾಸಿಯಿಂದ ನಗೆಯೂ, ಅದರ ಈಡೇರದ ಬಯಕೆಯಿಂದ ಪ್ರಣಯವೂ ಹುಟ್ಟುತ್ತವೆ. ‘ಮರುಳು’ ಎಂಬ ಪದ ಈ ಎರಡನ್ನೂ ಭಯದೊಡನೆ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದೆ.

ಇಂತಹ ಕಥೆಗಳನ್ನು ಬರೆಯುವವರೂ ಓದುವವರೂ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಕಥೆಯ ಕೊನೆಯಲ್ಲಿ ಮೈಯ ಒಡತಿಗೆ ಅವಳದೇ ದನಿಯಲ್ಲಿ ಮಾತಾಡುವ ಅವಕಾಶ ದೊರೆಯಿತೇ? ‘ಭಗವದಜ್ಜುಕೀಯ’ದಲ್ಲಿ ಪ್ರಾಣ ಮರಳಿದ ವಸಂತಸೇನೆ ತನ್ನ ಪ್ರಿಯಕರನನ್ನು ಗುರುತಿಸುತ್ತಾಳೆ, ‘ಆಪ್ತಮಿತ್ರ’ದಲ್ಲಿ ಗಂಗಾ ಎಚ್ಚರಗೊಂಡು ತನ್ನ ಮನೆಯವರನ್ನು ಕಾಣುತ್ತಾಳೆ. ಅಲ್ಲಿ ನಾವು ನಕ್ಕದ್ದು ಸಾರ್ಥಕ. ದೆವ್ವಕ್ಕೆ ‘ಏನು ಬೇಕು ನಿನಗೆ?’ ಎಂದು ಅಷ್ಟು ತಾಳ್ಮೆಯಿಂದ ಕೇಳಬಲ್ಲ ನಾವು ಅದೇ ಪ್ರಶ್ನೆಯನ್ನು, ದೆವ್ವ ಬರುವ ಮೊದಲೇ, ಆ ಮೈಯಲ್ಲಿ ಬಾಳುತ್ತಿದ್ದವಳಿಗೆ ಕೇಳಿದ್ದರೆ ಎಷ್ಟೋ ದೆವ್ವಗಳಿಗೆ ಬರುವ ಅಗತ್ಯವೇ ಬೀಳುತ್ತಿರಲಿಲ್ಲ. ಬಂದ ದೆವ್ವಕ್ಕೆ ‘ನಾಳೆ ಬಾ’ ಎನ್ನಬಹುದು. ಮನೆಯ ಹೆಣ್ಣಿನ ಮಾತನ್ನು ಮಾತ್ರ ನಾಳೆಗೆ ಮುಂದೂಡಲಾಗದು.